ಒಂದೂವರೆ ಸುತ್ತು

ಫೆಬ್ರವರಿ 27, ಬೆಳಿಗ್ಗೆ ಆರೂವರೆ

ಟ್ಯಾಂಕ್ ನೀರು 22 ಡಿಗ್ರಿ. ನಾಲ್ಕೂ ಟ್ಯಾಂಕ್ ತುಂಬಿವೆ. ಎರಡನೇದರ ಮುಚ್ಚಳ ಮತ್ತೆ ಸರಿದಿತ್ತು, ಕಲ್ಲು ಹೇರಿ ಬಂದೆ. ಥರ್ಮಾಮೀಟರಿನ ದಾರ ಸವೆದಿದೆ, ಬದಲಾಯಿಸಬೇಕು.

ಹರ್ನಿಯಾ ಆಪರೇಷನ್ ಆದ ಮೇಲೆ ಮೊದಲ ಸಲ ಐದು ಮಹಡಿ ಹತ್ತಿದ್ದು. ಹೊಲಿಗೆ ಹಾಕಿದ ಜಾಗ ಚುರುಚುರು ಅಂತು. ಡಾಕ್ಟರು ಇನ್ನೂ ಒಂದು ವಾರ ಮೆಟ್ಟಿಲು ಬೇಡ ಅಂದಿದ್ದರು. ಹೇಳ್ತಾರೆ, ಅವರಿಗೇನು.

ಇಳಿಯುವಾಗ ಮೂರನೇ ಮಹಡಿಯಲ್ಲಿ ಸಿಳ್ಳೆ ಕೇಳಿಸ್ತು. ಯಾರದೋ ಬಾತ್‌ರೂಮಿನಿಂದ. ಹೊಸ ಪ್ಲಂಬರ್. ನಾನು ಹಾಸಿಗೆ ಹಿಡಿದಿದ್ದಾಗ ಅಪಾರ್ಟ್‌ಮೆಂಟ್ ಸೆಕ್ರೆಟರಿ ಕರೆಸಿಕೊಂಡ ಪ್ರಾಣಿ. ನಲವತ್ತರ ಆಸುಪಾಸು. ಕೈ ಕೆಲಸ ಮಾಡ್ತಿದ್ದರೆ ಬಾಯಿ ಸಿಳ್ಳೆ ಹಾಕ್ತಿರುತ್ತೆ. ಹೆಸರು ಹೇಳಿದ, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಸಿಳ್ಳೆ ಅಂತಲೇ ಬರೀತೀನಿ.

ನನ್ನ ನೋಡಿ, "ಅಣ್ಣಾ, ನೀವ್ಯಾಕೆ ಹತ್ತೋಕೆ ಹೋದ್ರಿ? ನನ್ನ ಕರೀಬಾರದಾ?" ಅಂದ. ಕೈಯಲ್ಲಿದ್ದ ಚೀಲ ಕಿತ್ತುಕೊಂಡು ಕೆಳಗಿನವರೆಗೂ ತಂದುಕೊಟ್ಟ.

ನನ್ನ ಚೀಲ ಹೊರೋಕೆ ಇವನ್ಯಾರು?

ಮಾರ್ಚ್ 4

ಟ್ಯಾಂಕ್ 24.

ಸೆಕ್ರೆಟರಿ ಕರೆದು ಹೇಳಿದರು. "ನೀವು ಇನ್ನು ಭಾರ ಎತ್ತೋದು, ಬಗ್ಗೋದು ಬೇಡ. ಪಂಪು, ಟ್ಯಾಂಕು ನೋಡ್ಕೊಳ್ಳಿ. ಮನೆಗಳ ಒಳಗಿನ ಕೆಲಸ ಎಲ್ಲ ಅವನು ಮಾಡ್ಲಿ. ನಿಮ್ಮ ಒಳ್ಳೇದಕ್ಕೇ."

ಒಳ್ಳೇದಕ್ಕೇ ಅಂತೆ. ಹನ್ನೊಂದು ವರ್ಷ ಮೂವತ್ತಾರು ಮನೆ ಬಾತ್‌ರೂಮು ನನ್ನ ಕೈಯಲ್ಲಿತ್ತು. ಯಾರ ಮನೆ ನಲ್ಲಿ ಯಾವ ಕಡೆ ತಿರುಗುತ್ತೆ ಅನ್ನೋದು ಕಣ್ಣು ಕಟ್ಟಿ ಬಿಟ್ಟರೂ ಹೇಳ್ತೀನಿ. ಈಗ ಪಂಪ್ ರೂಮಿನ ಪಕ್ಕದ ಎರಡು ಕೋಣೆಯಲ್ಲಿ ಹೆಂಡತಿ ಹೊಲಿಗೆ ಮೆಷಿನ್ ಶಬ್ದ ಕೇಳ್ತಾ ಕೂತ್ಕೋಬೇಕು.

ಇವಳಿಗೆ ಹೇಳಿದೆ. "ಸರಿಯಾಗೇ ಹೇಳಿದಾರೆ ಬಿಡಿ" ಅಂದಳು. ಸೂಜಿಗೆ ದಾರ ಪೋಣಿಸ್ತಾ. ತಲೆ ಕೂಡ ಎತ್ತಲಿಲ್ಲ.

ಮಾರ್ಚ್ 19, ಸಂಜೆ

ಟ್ಯಾಂಕ್ 28.

ಹೊಟ್ಟೆ ಉರಿದುಹೋಯ್ತು. ಬರೀದಿದ್ದರೆ ನಿದ್ದೆ ಬರಲ್ಲ. ಈ ರಿಜಿಸ್ಟರಿನ ಹಿಂದಿನ ಹಾಳೆ ಯಾರೂ ನೋಡಲ್ಲ, ಇಲ್ಲೇ ಕಾರಿಕೊಳ್ತೀನಿ.

ಮೆಟ್ಟಿಲಲ್ಲಿ, ಪಾರ್ಕಿಂಗಲ್ಲಿ, ಗೇಟಲ್ಲಿ ಎಲ್ಲಾ ಕಡೆ ಒಂದೇ ಮಾತು. "ಹೊಸಬ ಬಂದ ಮೇಲೆ ಬಿಸಿನೀರು ಎಷ್ಟು ಚೆನ್ನಾಗಿ ಬರ್ತಿದೆ ನೋಡಿ!" ಚಳಿಗಾಲ ಪೂರ್ತಿ ಉಗುರುಬೆಚ್ಚಗೆ ಬರ್ತಿತ್ತಂತೆ. ಈಗ ಹೊಗೆ ಬರುತ್ತಂತೆ. ಅವನು ಏನು ಮಾಡಿದಾನೆ ಅಂದ್ರೆ — ಷವರ್ ಬಿಚ್ಚಿ ತೂತಲ್ಲಿ ಕಟ್ಟಿದ್ದ ಬಿಳೀ ಉಪ್ಪು ಕೆರೆದಿದಾನೆ. ಅಷ್ಟೇ!

ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು. ಬಿಸಿಲು ಬಂತು ಮಹರಾಯರೇ. ಟ್ಯಾಂಕ್ ನೀರು ಕಾದಿದೆ. ಗೀಸರಿಗೆ ಬೆಚ್ಚನೆ ನೀರು ಹೋಗ್ತಿದೆ, ಬಿಸಿ ಬರ್ತಿದೆ. ಸೂರ್ಯ ಮಾಡಿದ ಕೆಲಸಕ್ಕೆ ಇವನಿಗೆ ಹಾರ.

ಇವೆಲ್ಲ ತಡ್ಕೋಬಹುದಿತ್ತು. ಎರಡನೇ ಮಹಡಿ ಮೇಡಂ ಕೂಡ ಹಾಗೇ ಅನ್ನೋದಾ? ರಿಟೈರ್ಡ್ ಟೀಚರ್, ಒಬ್ಬರೇ ಇರ್ತಾರೆ. ನನ್ನ ಮಗಳಿಗೆ ವಾರಕ್ಕೆ ಮೂರು ದಿನ ಲೆಕ್ಕ, ಸೈನ್ಸು ಹೇಳಿಕೊಡ್ತಾರೆ. ನಾನು ನಲ್ಲಿ ರಿಪೇರಿಗೆ ಹೋದರೆ ಕುರ್ಚಿ ಹಾಕಿ, ಕಾಫಿ ಕೊಟ್ಟು, "ಏನಪ್ಪಾ, ನೀರಿನ ಡಾಕ್ಟ್ರೇ" ಅಂತಿದ್ದವರು. ಇವತ್ತು ಬಾಗಿಲು ತೆಗೆದಿತ್ತು. ಒಳಗೆ ಅದೇ ಕುರ್ಚಿ. ಅದರ ಮೇಲೆ ಸಿಳ್ಳೆ.

ಕಾಫಿ ಸೊರಸೊರ ಅಂತ ಕುಡೀತಿದ್ದ.

ಏಪ್ರಿಲ್ 21

ಟ್ಯಾಂಕ್ 33, ಅದೂ ಬೆಳಿಗ್ಗೆ. ಮಧ್ಯಾಹ್ನ ತಣ್ಣೀರು ನಲ್ಲಿಯಲ್ಲೇ ಕೈ ಸುಡುತ್ತೆ.

ಊಟಕ್ಕೆ ಕೂತಾಗ ಮಗಳು ಕೇಳಿದಳು. "ಅಪ್ಪಾ, ಆ ಅಂಕಲ್ ಅದೇನು ಮಾಡಿ ಸರಿ ಮಾಡಿದ್ರು? ಮೇಡಂ ತುಂಬ ಹೊಗಳ್ತಿದ್ರು."

ಕೈಯಲ್ಲಿದ್ದ ತುತ್ತು ತಟ್ಟೆಗೇ ಹಾಕಿದೆ. ಹೆತ್ತ ಮಗಳು! ತಡೀಲಾರದೆ ಎಲ್ಲಾ ಹೇಳಿಬಿಟ್ಟೆ. ಅವಳ ನೋಟ್‌ಬುಕ್ಕಲ್ಲೇ ಬರೆದು ತೋರಿಸಿದೆ. ನಮ್ಮ ಕಟ್ಟಡದ ಗೀಸರುಗಳು ಪುಟ್ಟವು. ನೀರು ತುಂಬಿಟ್ಟು ಕಾಯಿಸಲ್ಲ, ಹರೀತಾ ಇರುವಾಗಲೇ ಕಾಯಿಸುತ್ತೆ. ನಲ್ಲಿ ಪೂರ್ತಿ ಬಿಟ್ಟರೆ ಇಪ್ಪತ್ತು ಡಿಗ್ರಿ ಏರಿಸೋದಷ್ಟೇ ಅದರ ತಾಕತ್ತು. ಈಗ 33ಕ್ಕೆ 20 ಸೇರಿದರೆ 53, ಸುಡುತ್ತೆ. ಚಳಿಯಲ್ಲಿ ಟ್ಯಾಂಕ್ 15ಕ್ಕೆ ಇಳಿಯುತ್ತೆ. 15ಕ್ಕೆ 20 ಸೇರಿದರೆ 35. ಗೋಡೆಯೊಳಗಿನ ಪೈಪೂ ತಣ್ಣಗಿರುತ್ತೆ, ಅದೂ ಎರಡು ಡಿಗ್ರಿ ತಿನ್ನುತ್ತೆ. ಮೈಮೇಲೆ ಬೀಳೋ ಹೊತ್ತಿಗೆ ನಡುಕ. ಗೀಸರು ಅದೇ, ಕರೆಂಟು ಅದೇ. ಒಳಗೆ ಹೋಗೋ ನೀರು ಬೇರೆ.

"ಹಾಗಾದ್ರೆ ಮುಂಚೆ ಚಳೀಲೂ ಬಿಸಿ ಬರ್ತಿತ್ತಲ್ಲಪ್ಪ?"

ಅಲ್ಲೇ ಇರೋದು ನನ್ನ ವಿದ್ಯೆ. ಗೀಸರ್ ಕೆಳಗೆ ಒಂದು ಸಣ್ಣ ವಾಲ್ವ್ ಇದೆ. ಪ್ರತಿ ವರ್ಷ ಚಳಿ ಶುರುವಾದ ವಾರ ವಾಷರ್ ನೋಡ್ತೀನಿ ಅಂತ ಮನೆಮನೆಗೆ ಹೋಗ್ತಿದ್ದೆ. ಆ ವಾಲ್ವ್ ಒಂದೂವರೆ ಸುತ್ತು ಮುಚ್ಚಿ ಬರ್ತಿದ್ದೆ. ನೀರು ನಿಧಾನ ಆಗುತ್ತೆ. ನಿಧಾನ ಹರಿದ ನೀರು ಹೆಚ್ಚು ಹೊತ್ತು ಕಾಯುತ್ತೆ, ಇಪ್ಪತ್ತರ ಬದಲು ಇಪ್ಪತ್ತೆಂಟು ಏರುತ್ತೆ. ಬಿಸಿಲು ಬಂದಾಗ ಮತ್ತೆ ಬಿಚ್ಚಿ ಬರ್ತಿದ್ದೆ. ಹನ್ನೊಂದು ವರ್ಷ. ಒಬ್ಬರಿಗೂ ಗೊತ್ತಿಲ್ಲ. ಹೋದ ವರ್ಷ ಚಳಿ ಶುರುವಾಗೋ ಮೊದಲೇ ಹರ್ನಿಯಾ ನೋವಿಗೆ ಹಾಸಿಗೆ ಹಿಡಿದೆ, ಸುತ್ತು ತಿರುಗಿಸೋರು ಇರಲಿಲ್ಲ.

ಮಗಳ ಕಣ್ಣು ಅಗಲ ಆಯ್ತು. "ಅಯ್ಯೋ ಅಪ್ಪಾ, ಇದು ಎಷ್ಟು ಸುಲಭ! ಎಲ್ಲರಿಗೂ ಹೇಳಿಕೊಟ್ಟಿದ್ರೆ ಅವರೇ ತಿರುಗಿಸ್ಕೊಳ್ತಿದ್ರಲ್ವಾ?"

"ಹೇಳಿದ್ರೆ ನನ್ನನ್ನ ಯಾರು ಕರೀತಾರೆ?"

"ಆ ಅಂಕಲ್‌ಗಾದ್ರೂ ಹೇಳು. ಮುಂದಿನ ಚಳಿಗೆ ಬೇಕಾಗುತ್ತೆ."

"ಹೇಳ್ತೀನಿ, ಹೇಳ್ತೀನಿ. ಮೊದಲು ಚಳಿ ಬರ್ಲಿ."

ಅವಳು ಆ ಹಾಳೆ ಹರಿಯದೆ ಹಾಗೇ ಇಟ್ಟುಕೊಂಡಳು. ಸಂತೋಷ ಆಯ್ತು.

ಜುಲೈ 11

ಮೂರು ದಿನದಿಂದ ಮೋಡ, ಜಿಟಿಜಿಟಿ. ಟ್ಯಾಂಕ್ 23ಕ್ಕೆ ಇಳೀತು! ನಾಲ್ಕನೇ ಮಹಡಿಯಿಂದ ಒಂದು ಕಂಪ್ಲೇಂಟ್ ಬಂತಂತೆ — ಷವರ್ ನೀರು ಬರೀ ಉಗುರುಬೆಚ್ಚಗೆ.

ದೇವರೇ, ಇನ್ನೊಂದು ವಾರ ಹೀಗೇ ಇರ್ಲಿ.

ಜುಲೈ 13

ಬಿಸಿಲು. 29. ಹಾಳಾದ್ದು.

ನಾಲ್ಕನೇ ಮಹಡಿಯವರು ಸಿಳ್ಳೆಗೆ ಥ್ಯಾಂಕ್ಸ್ ಹೇಳಿದ್ರಂತೆ. ಇವಳಿಗೆ ಆಲ್ಟರೇಷನ್‌ಗೆ ಬಟ್ಟೆ ಕೊಡೋಕೆ ಬಂದಾಗ ಹೇಳಿಹೋಗಿದಾರೆ. ಇವಳು ಅದನ್ನ ತಂದು ನನ್ನ ಮುಂದೆ ಬಡಿಸಿದಳು. "ಅವನಿಗೆ ಕೈಗುಣ ಇದೆ ಕಣ್ರೀ. ಯಾರ ಮೇಲೂ ಮುಖ ಗಂಟು ಹಾಕ್ಕೊಳ್ಳಲ್ಲ."

ಹಿತ್ತಲ ಗಿಡ ಮದ್ದಲ್ಲ. ಕಟ್ಟಿಕೊಂಡ ಗಂಡ ಅಂತೂ ಮೊದಲೇ ಅಲ್ಲ.

ನವೆಂಬರ್ 18, ಬೆಳಿಗ್ಗೆ ಆರು

20! ಹೋದ ವಾರ 24 ಇತ್ತು. ಟ್ಯಾಂಕಿನ ಮೇಲೆಲ್ಲ ಇಬ್ಬನಿ. ಬಾಯಿಂದ ಹಬೆ ಬರ್ತಿದೆ. ನಾಲ್ಕು ಟ್ಯಾಂಕಿಗೂ ಒಂದೊಂದು ಸುತ್ತು ಹಾಕಿದೆ, ಎಳೇ ಹುಡುಗನ ಹಾಗೆ.

ಇದು ನಾನು ವಾಲ್ವ್ ತಿರುಗಿಸುತ್ತಿದ್ದ ವಾರ. ಈ ವರ್ಷ ನನ್ನ ಕೆಲಸ ಅಲ್ಲವಲ್ಲ. ಪಂಪು, ಟ್ಯಾಂಕು ನೋಡ್ಕೊಳ್ಳಿ ಅಂದಿದಾರೆ. ನೋಡ್ಕೊಳ್ತಿದೀನಿ.

ಇನ್ನೊಂದು ಖುಷಿ. ಅವನು ಷವರ್ ತೂತು ಕೆರೆದು ಕ್ಲೀನ್ ಮಾಡಿದಾನಲ್ಲ, ನೀರು ಮೊದಲಿಗಿಂತ ಜೋರಾಗಿ ಹರಿಯುತ್ತೆ. ಜೋರಾಗಿ ಹರಿದಷ್ಟೂ ತಣ್ಣಗೆ. ತನ್ನ ಗುಂಡಿ ತಾನೇ ತೋಡಿಕೊಂಡಿದಾನೆ, ಪಾಪ. ಪಾಪ ಏನೂ ಅಲ್ಲ.

ಡಿಸೆಂಬರ್ 3

16. ಒಂಬತ್ತು ಕಂಪ್ಲೇಂಟ್.

ಮಧ್ಯಾಹ್ನ ಬಂದ. ಪಂಪ್ ರೂಮ್ ಬಾಗಿಲಲ್ಲಿ ನಿಂತ, ಚಪ್ಪಲಿ ಹೊರಗೆ ಬಿಟ್ಟು. ಪಂಪ್ ರೂಮಿಗೆ ಯಾರಾದ್ರೂ ಚಪ್ಪಲಿ ಬಿಡ್ತಾರಾ?

"ಅಣ್ಣಾ, ಒಂದು ಮಾತು ಕೇಳ್ಬೇಕಿತ್ತು. ಗೀಸರೆಲ್ಲ ಒಟ್ಟಿಗೇ ಕೆಡ್ತಿವೆ. ನನಗೆ ತಲೆ ಓಡ್ತಿಲ್ಲ. ಮೇಡಂ ಹೇಳಿದ್ರು, ಅವರನ್ನ ಕೇಳು, ಈ ಕಟ್ಟಡದ ನೀರು ಅವರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ ಅಂತ."

ಮೇಡಂ ಹಾಗಂದ್ರಾ? ಒಂದು ಕ್ಷಣ ನಾಲಿಗೆ ತುದಿಗೆ ಬಂತು. ಎಲ್ಲಾ ಹೇಳಿಬಿಡೋಣ ಅನ್ನಿಸ್ತು. ಆಮೇಲೆ ಆ ಕುರ್ಚಿ ನೆನಪಾಯ್ತು. ಸೊರಸೊರ.

"ಥರ್ಮೋಸ್ಟಾಟ್ ಹೋಗಿರುತ್ತೆ. ಎಲ್ಲಾ ಒಂದೇ ವರ್ಷ ಹಾಕಿದ್ದು, ಒಟ್ಟಿಗೇ ಹೋಗುತ್ತೆ. ಬದಲಾಯಿಸು."

"ಅಷ್ಟೇನಾ ಅಣ್ಣಾ? ಬದುಕಿಸಿದ್ರಿ" ಅಂದ. ಕೈ ಮುಗಿದ.

ಕೈ ಮುಗಿಯೋದು ಬೇಡವಾಗಿತ್ತು. ಉಳಿದಿದ್ದೆಲ್ಲ ಸರಿಯಾಗಿತ್ತು.

ಡಿಸೆಂಬರ್ 12

14. ಈ ವರ್ಷದ ಚಳಿ ಎಲುಬಿಗೆ ಇಳಿಯೋ ಚಳಿ.

ಹನ್ನೊಂದು ಮನೆಯಲ್ಲಿ ಥರ್ಮೋಸ್ಟಾಟ್ ಬದಲಾಯಿಸಿದ. ಏನೂ ಉಪಯೋಗ ಇಲ್ಲ. ಇರೋಕೆ ಹೇಗೆ ಸಾಧ್ಯ! ಪಾರ್ಕಿಂಗಲ್ಲಿ ಎಲ್ಲರ ಮುಂದೆ ಸೆಕ್ರೆಟರಿ ಉಗಿದರು. "ಕೆಲಸ ಬರಲ್ಲ ಅಂದ್ರೆ ಬರಲ್ಲ ಅಂತ ಹೇಳು! ಜನ ತಣ್ಣೀರಲ್ಲಿ ಸ್ನಾನ ಮಾಡ್ಬೇಕಾ?" ನಾನು ಪಂಪ್ ರೂಮಿನ ಕಿಟಕಿಯಿಂದ ನೋಡ್ತಿದ್ದೆ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯ್ತು.

ನಾನು ಹೇಳಿದ್ದು ಅಂತ ಅವನು ಬಾಯಿ ಬಿಡ್ತಾನೆ ಅಂದುಕೊಂಡು ಕಾದೆ. ಉತ್ತರಾನೂ ರೆಡಿ ಮಾಡಿಟ್ಟಿದ್ದೆ. ಬಾಯಿ ಬಿಡಲೇ ಇಲ್ಲ. ತಲೆ ಬಗ್ಗಿಸಿಕೊಂಡು ನಿಂತಿದ್ದ.

ಡಿಸೆಂಬರ್ 13

14.

ಸಂಜೆ ಪಂಪ್ ರೂಮ್ ಮೆಟ್ಟಿಲ ಮೇಲೆ ಬಂದು ಕೂತ. ಅಂಗೈ ತುಂಬ ಗೀರು, ಗೀಸರ್ ಮುಚ್ಚಳದ ತಗಡು ಕೊಯ್ದಿದೆ.

"ನಿನ್ನೆ ಯಾಕೆ ನನ್ನ ಹೆಸರು ಹೇಳಲಿಲ್ಲ?" ಕೇಳೇಬಿಟ್ಟೆ.

"ನಿಮ್ಮ ಹೆಸರು ಯಾಕಣ್ಣಾ? ನೀವು ಹೇಳಿದ್ದು ಸರಿಯಾಗೇ ಇರುತ್ತೆ. ಹನ್ನೊಂದು ವರ್ಷ ನಡೆಸಿದೋರು. ನಾನೇ ಎಲ್ಲೋ ತಪ್ಪಾಗಿ ಕೂರಿಸ್ತಿದೀನಿ. ನನ್ನ ಕೈಯಲ್ಲೇ ಏನೋ ಐಬು." ಎರಡೂ ಕೈ ತಿರುಗಿಸಿ ತಿರುಗಿಸಿ ನೋಡ್ಕೊಂಡ. ನಾಳೆಯಿಂದ ಹನ್ನೊಂದನ್ನೂ ಬಿಚ್ಚಿ ಮತ್ತೆ ಕೂರಿಸ್ತಾನಂತೆ.

ಅವನು ಹೋದ ಮೇಲೂ ಸುಮಾರು ಹೊತ್ತು ಮೋಟರ್ ಆಫ್ ಮಾಡೋದು ಮರೆತು ಕೂತಿದ್ದೆ. ಟ್ಯಾಂಕ್ ಉಕ್ಕಿ ನೀರು ಗೋಡೆ ಮೇಲೆ ಸುರೀತು. ಹನ್ನೊಂದು ವರ್ಷದಲ್ಲಿ ಮೊದಲ ಸಲ.

ಆದರೂ ಹೇಳಲ್ಲ. ಅನುಭವಿಸಲಿ. ಇನ್ನು ನಾಲ್ಕು ದಿನ. ಆಮೇಲೆ ನಾನೇ ಹೋಗಿ ಎಲ್ಲಾ ಸರಿ ಮಾಡಿ ತೋರಿಸ್ತೀನಿ.

ಡಿಸೆಂಬರ್ 18

13.

ಮೇಡಂ ಕಾಲು ಸುಟ್ಟುಕೊಂಡಿದಾರೆ.

ಷವರಲ್ಲಿ ನಡುಕ ಬರ್ತಿತ್ತು ಅಂತ ಒಂದು ವಾರದಿಂದ ಒಲೆ ಮೇಲೆ ಪಾತ್ರೆಯಲ್ಲಿ ನೀರು ಕುದಿಸಿ ಬಾತ್‌ರೂಮಿಗೆ ಎತ್ತಿಕೊಂಡು ಹೋಗ್ತಿದ್ರಂತೆ. ಎಪ್ಪತ್ತೊಂದು ವಯಸ್ಸು. ಇವತ್ತು ಹೊಸ್ತಿಲ ಹತ್ತಿರ ಕೈ ಜಾರಿದೆ. ಪಾಠಕ್ಕೆ ಹೋದ ಮಗಳೇ ನೋಡಿದ್ದು. ಕೆಳಗೆ ಓಡಿ ಬಂದಳು. ಸಿಳ್ಳೆ ಅವರನ್ನ ಎರಡು ಕೈಯಲ್ಲಿ ಎತ್ತಿಕೊಂಡು ಇಳಿಸಿದ. ಆಟೋ ಹಿಡಿದಿದ್ದೂ ಅವನೇ. ನಾನು ಬಾಗಿಲು ಹಿಡ್ಕೊಂಡು ನಿಂತಿದ್ದೆ.

ಎಡಗಾಲು, ಮೊಣಕಾಲಿನಿಂದ ಕೆಳಗೆ. ಚರ್ಮ ಎದ್ದಿದೆ. ಪುಣ್ಯಕ್ಕೆ ಆಳ ಇಲ್ಲ ಅಂದರು ಡಾಕ್ಟರು. ಒಂದೂವರೆ ತಿಂಗಳು ನೀರು ತಾಗಿಸೋ ಹಾಗಿಲ್ಲ.

ಹೆಂಡತಿ ಅಳ್ತಿದಾಳೆ. ನನಗೆ ಅಳು ಬರ್ತಿಲ್ಲ.

ಡಿಸೆಂಬರ್ 19

ಟ್ಯಾಂಕ್ ನೋಡಲಿಲ್ಲ.

ಸೆಕ್ರೆಟರಿ ಮನೆಗೇ ಬಂದರು. ಭಾನುವಾರ ಹನ್ನೊಂದಕ್ಕೆ ಪಾರ್ಕಿಂಗಲ್ಲಿ ಮೀಟಿಂಗು. ಸಿಳ್ಳೆಯನ್ನ ಎಲ್ಲರ ಮುಂದೆ ತೆಗೆದುಹಾಕ್ತಾರೆ. "ಅವನಿಂದ ಒಬ್ಬರಿಗೆ ಪ್ರಾಣಕ್ಕೇ ಬರ್ತಿತ್ತು. ಸೋಮವಾರದಿಂದ ಮನೆಗಳ ಕೆಲಸ ಮತ್ತೆ ನಿಮ್ಮದೇ. ತಪ್ಪು ನಮ್ಮದು, ನಿಮ್ಮನ್ನ ಬಿಟ್ಟಿದ್ದು." ಕೈ ಕುಲುಕಿದರು.

ಮಾರ್ಚಿನಿಂದ ಕಾದಿದ್ದು ಇದಕ್ಕೇ. ಒಂದೊಂದು ಮಾತೂ ನಾನು ಮನಸ್ಸಲ್ಲಿ ಆಡಿಸಿ ನೋಡಿದ್ದ ಹಾಗೇ ಬಂತು. ಇವಳು "ಕೊನೆಗೂ" ಅಂದಳು. ತಟ್ಟೆ ಮುಂದೆ ಕೂತೆ, ಎದ್ದೆ.

ಡಿಸೆಂಬರ್ 20, ಸಂಜೆ ಐದು

ಮೇಡಂ ಮನೆಗೆ ಬಂದಿದಾರೆ. ಹಾಲಲ್ಲಿ ದಿವಾನದ ಮೇಲೆ, ಕಾಲಿಗೆ ಬ್ಯಾಂಡೇಜು. ಸ್ಪ್ಯಾನರ್ ಜೇಬಲ್ಲಿಟ್ಟುಕೊಂಡು ಹೋದೆ. "ಒಂದು ಸಲ ಗೀಸರ್ ನೋಡ್ತೀನಿ ಮೇಡಂ."

"ನೋಡಪ್ಪಾ. ಆದ್ರೆ ಅವನ ಮೇಲೆ ಯಾಕೆ ಹರಿಹಾಯ್ತಿದಾರೆ ಎಲ್ಲಾ? ಪಾತ್ರೆ ಎತ್ತಿದ್ದು ನಾನು, ಅವಸರ ನಂದು. ನಿನ್ನ ಮಾತನ್ನಾದ್ರೂ ಕೇಳ್ತಾರೆ, ಸ್ವಲ್ಪ ಹೇಳು ಅವರಿಗೆ. ಒಳ್ಳೆಯವನು ಅವನು, ನಿನ್ನ ಮೇಲೆ ಪ್ರಾಣ."

ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದೂವರೆ ಸುತ್ತು. ಕೈಗೆ ಗೊತ್ತು, ಕಣ್ಣು ಬೇಕಿಲ್ಲ. ಷವರ್ ಬಿಟ್ಟೆ. ಎರಡು ನಿಮಿಷಕ್ಕೆ ಕನ್ನಡಿ ಮೇಲೆ ಹಬೆ ಕೂತ್ಕೊಳ್ತು. ಎರಡೇ ನಿಮಿಷದ ಕೆಲಸ. ಇಷ್ಟಕ್ಕೆ ಅವರ ಕಾಲು.

ಬಾಗಿಲು ತೆಗೆದರೆ ಮಗಳು. ಕೈಯಲ್ಲಿ ಅವಳ ನೋಟ್‌ಬುಕ್ಕು, ನಾನು ಏಪ್ರಿಲಲ್ಲಿ ಬರೆದ ಹಾಳೆ.

"ಅಂಕಲ್‌ಗೆ ಇದನ್ನ ತೋರಿಸೋಣ ಅಂತ ತಗೊಂಡು ಬಂದೆ. ನೀನು ಹೇಳಿದ್ದು ಅವರು ಮರೆತಿರಬಹುದು ಅಂದ್ಕೊಂಡೆ." ಮೆಲ್ಲಗೆ ಮಾತಾಡ್ತಿದ್ದಳು, ಮೇಡಂಗೆ ಕೇಳಿಸಬಾರದು ಅಂತ. "ನೀವು ಥರ್ಮೋಸ್ಟಾಟ್ ಅಂದ್ರಂತೆ. ನಾನು ಹಾಳೆ ತೋರಿಸೋ ಮೊದಲೇ ಅವರು ಹೇಳಿದ್ರು. ನಿಮ್ಮ ಅಪ್ಪ ಹೇಳಿಕೊಟ್ಟರೂ ನನ್ನ ಕೈಲಿ ಆಗಲಿಲ್ಲ ಅಂದ್ರು."

ಅವಳು ಹುಟ್ಟಿದಾಗಿನಿಂದ ನನ್ನನ್ನ 'ನೀನು' ಅಂತಲೇ ಕರೆದಿರೋದು.

"ಮರೆತು ಹೋಯ್ತು" ಅಂದೆ.

"ಮರೀತಾ? ಅವತ್ತು ನೀವು ಪೈಪ್ ಎಷ್ಟು ಡಿಗ್ರಿ ತಿನ್ನುತ್ತೆ ಅಂತಲೂ ಹೇಳಿದ್ರಿ."

ಸ್ಪ್ಯಾನರ್ ಜೇಬಿಗೆ ಹಾಕಿಕೊಂಡೆ. ಮೇಡಂ ಆಚೆಯಿಂದ "ಏನಾಯ್ತಮ್ಮಾ?" ಅಂದರು. "ಏನಿಲ್ಲ ಮೇಡಂ, ಬಿಸಿನೀರು ಬಂತು" ಅಂದಳು ಮಗಳು. ನನ್ನ ಮುಖಾನೇ ನೋಡ್ತಾ.

ಡಿಸೆಂಬರ್ 21

13. ಸಂಜೆ ಮಗಳು ಎದುರಿಗೆ ಬಂದು ನಿಂತಳು.

"ನಾಳೆ ನೀವು ಹೇಳದಿದ್ರೆ ನಾನು ಹೇಳಲ್ಲ. ಹೆದರ್ಕೋಬೇಡಿ. ಆದ್ರೆ ನನಗೆ ಗೊತ್ತಿರುತ್ತೆ."

ಬೈದಿದ್ದರೆ ತಿರುಗಿ ಬೈಬಹುದಿತ್ತು.

ಹೆಂಡತಿಗೆ ಏನೂ ಗೊತ್ತಿಲ್ಲ. ನಾಳೆ ಮೀಟಿಂಗಿಗೆ ಅಂತ ನನ್ನ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿಟ್ಟಿದಾಳೆ.

ಡಿಸೆಂಬರ್ 22, ಭಾನುವಾರ, ಬೆಳಿಗ್ಗೆ ಹತ್ತೂಕಾಲು

ಟ್ಯಾಂಕ್ 12.

ಕಿಟಕಿಯಿಂದ ಕಾಣಿಸ್ತಿದೆ. ಪಾರ್ಕಿಂಗಲ್ಲಿ ಕುರ್ಚಿ ಹಾಕ್ತಿರೋದು ಅವನೇ. ತನ್ನನ್ನ ತೆಗೆದುಹಾಕೋ ಮೀಟಿಂಗಿಗೆ ತಾನೇ ಕುರ್ಚಿ ಸಾಲು ಮಾಡ್ತಿದಾನೆ, ಬಟ್ಟೆಯಿಂದ ಧೂಳು ಒರೆಸಿ. ಈಗಲೂ ನೋಡಿದರೆ ಹೊಟ್ಟೆ ಉರಿಯುತ್ತೆ, ಸುಳ್ಳು ಯಾಕೆ ಹೇಳ್ಲಿ. ಮೊದಲು ಎಲ್ಲರೂ ಅವನನ್ನ ಹೊಗಳ್ತಾರೆ ಅಂತ ಉರೀತಿತ್ತು. ಈಗ ಅವನು ಹೀಗಿರಬಲ್ಲ, ನನ್ನ ಕೈಲಿ ಆಗಲ್ಲ ಅಂತ.

ಎದ್ದು ನಿಂತರೆ ಮಾತು ಮರೆಯುತ್ತೆ. ಬರೆದುಕೊಂಡು ಹೋಗೋಣ ಅಂತ ಕೂತೆ.

"ಎಲ್ಲರಿಗೂ ನಮಸ್ಕಾರ. ಬಿಸಿನೀರು ಯಾಕೆ ಬರ್ತಿಲ್ಲ ಅಂತ ನಾನು ನಾಲ್ಕು ದಿನದಿಂದ ಪರೀಕ್ಷೆ ಮಾಡಿ, ಕೊನೆಗೆ ಕಾರಣ ಕಂಡುಹಿಡಿದೆ." — ಥೂ. ಹೊಡೆದುಹಾಕಿದೆ. ಇನ್ನೂ ಹಾರ ಬೇಕು ನನಗೆ.

"ನಮಸ್ಕಾರ. ನಮ್ಮಿಬ್ಬರಿಂದಲೂ ತಪ್ಪಾಗಿದೆ." — ಇಬ್ಬರಿಂದಲೂ ಅಂತೆ! ಅವನದೇನಿದೆ? ಹೊಡೆದುಹಾಕಿದೆ.

"ಇದೆಲ್ಲ ಹವಾಮಾನದ ತಪ್ಪು." — ನಾಚಿಕೆ ಆಗ್ಬೇಕು.

ಹತ್ತೂಮುಕ್ಕಾಲು. ಮಗಳು ಚಪ್ಪಲಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದಾಳೆ. ಕರೀತಿಲ್ಲ. ಕಾಯ್ತಿದಾಳೆ.

"ನಮಸ್ಕಾರ. ಒಂದು ಥರ್ಮೋಸ್ಟಾಟೂ ಕೆಟ್ಟಿರಲಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು. ಇವನು ನನ್ನ ಹತ್ತಿರ ಬಂದು ಕೇಳಿದ. ಕೇಳಿದಾಗ ನಾನು ಬೇಕಂತಲೇ ಸುಳ್ಳು ಹೇಳಿದೆ." — ಇದನ್ನ ಹೊಡೆದುಹಾಕಲ್ಲ, ಹೊರಟೆ.